ಮಾಲ್ಟಾ ದ್ವೀಪದ ಶಾಸನಗಳೂ ಜನಭಾಷೆಯೂ

ಭೂಮಧ್ಯಸಮುದ್ರದಲ್ಲಿ ಸಿಸಿಲಿಗೆ ದಕ್ಷಿಣವಾಗಿ ಸುಮಾರು 90 ಕಿಲೋಮೀಟರು ದೂರದಲ್ಲಿರುವ ಮಾಲ್ಟಾ, ಗೋಜೋ ಮೊದಲಾದ ದ್ವೀಪಗಳ ಒಟ್ಟು ವಿಸ್ತೀರ್ಣವು 316 ಚದರ ಕಿಲೋಮೀಟರು ಮಾತ್ರ. ಇಷ್ಟು ಕಿರಿದಾದ ನೆಲವನ್ನು ಫಿನೀಷಿಯನರು, ಕಾರ್ಥೇಜಿನವರು, ರೋಮನರು, ಅರಬರು, ನಾರ್ಮನರು, ಸಂತ ಯೋಹಾನನ ಪಂಥದ ವೀರಯೋಧರು, ಫ್ರೆಂಚರು, ಆಂಗ್ಲರು ಮೊದಲಾದವರು ಒಬ್ಬರ ತರುವಾಯ ಒಬ್ಬರು ಆಳಿದರು. ಪ್ರಭುಗಳು ಇಷ್ಟು ಬಾರಿ ಬದಲಾದ ನಾಡಿನಲ್ಲಿ ಜನರು ಆಡುವ ಮಾಲ್ಟೀ ಭಾಷೆಯು ಇವರಲ್ಲಿ ಯಾರಿಂದ ಬಂದುದೆಂಬ ಪ್ರಶ್ನೆಯು ವಿದ್ವಾಂಸರಲ್ಲಿ ಬಹುಕಾಲ ಚರ್ಚೆಗೆ ಒಳಗಾಗಿದ್ದಿತು.

ಗೋಜೋ ದ್ವೀಪದ ಪಾದ್ರಿ ಆಜಿಯುಸ್ ದೆ ಸೊಲ್ದಾನಿಸನು 1750ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಪ್ರಾಚೀನ ಪ್ಯೂನಿಕ್, ಎಂದರೆ ಕಾರ್ಥೇಜಿನಲ್ಲಿ ಬಳಕೆಯಲ್ಲಿದ್ದ ಫಿನೀಷಿಯನ್ ಭಾಷೆಯೇ ಎಂದು ಪ್ರತಿಪಾದಿಸಿದನು. 1791ರಲ್ಲಿ ವ್ಯಾಕರಣವನ್ನು ರಚಿಸಿದ ವಸ್ಸಾಲಿಯ ಮತವೂ ಇದೇ. ಮುಸಲ್ಮಾನರೊಡನೆ ದೀರ್ಘಕಾಲ ಕಾದಾಡಿದ ಕ್ರೈಸ್ತ ಯೋಧರ ಆಳ್ವಿಕೆಯಲ್ಲಿದ್ದ ಜನರಿಗೆ ತಮ್ಮ ನುಡಿಯು ಅರಬ್ಬಿಯ ಸಂತತಿಯೆಂಬುದಕ್ಕಿಂತ ಹ್ಯಾನಿಬಲನ ನುಡಿಯ ಸಂತತಿಯೆಂಬುದು ಹಿತವಾಗಿ ತೋರಿದುದು ಸಹಜವೇ ಸರಿ.

ಆದರೆ ಫಿನೀಷಿಯನ್ ಭಾಷೆಯ ಸ್ವರೂಪವೇನೆಂಬುದು 1750ರಲ್ಲಿ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟುದು ಮಾಲ್ಟಾದಲ್ಲಿಯೇ ದೊರೆತ ಎರಡು ಅಮೃತಶಿಲೆಯ ಕಿರುಗಂಬಗಳು. ಕ್ರಿ. ಪೂ. 2ನೆಯ ಶತಮಾನದ ಇವುಗಳ ಪೀಠದಲ್ಲಿ ಒಂದೇ ಶಾಸನವು ಫಿನೀಷಿಯನ್ನಿನಲ್ಲಿಯೂ ಗ್ರೀಕಿನಲ್ಲಿಯೂ ಕೆತ್ತಲ್ಪಟ್ಟಿದೆ. ಅಬ್ದೊಸಿರ್ ಮತ್ತು ಒಸಿರ್ಶಮರ್ ಎಂಬ ಸಹೋದರರು ತೈರ್ ನಗರದ ಅಧಿದೇವತೆಯಾದ ಮೆಲ್ಕಾರ್ತನಿಗೆ ಹರಕೆಯೊಪ್ಪಿಸಿದುದು ಅದರ ವಿಷಯ. ಗ್ರೀಕ್ ಪಾಠದಲ್ಲಿ ಇವರ ಹೆಸರು ಡಯೊನೀಸಿಯಸ್, ಸೆರಾಪಿಯಾನ್. ದೇವರ ಹೆಸರು ಹೆರಾಕ್ಲೀಸ್. ಫ್ರೆಂಚ್ ವಿದ್ವಾಂಸನಾದ ಬಾರ್ತೆಲೆಮಿಯು ಎರಡು ಪಾಠಗಳನ್ನೂ ಹೋಲಿಸಿ 1758ರಲ್ಲಿ ಫಿನೀಷಿಯನ್ ಲಿಪಿಯ ರಹಸ್ಯವನ್ನು ಭೇದಿಸಿದನು.

ಹೀಗೆ ಮೂಲಭಾಷೆಯು ಓದಲು ಸಿಕ್ಕಿದ ಮೇಲೆ ಹೋಲಿಕೆಯು ಸಾಧ್ಯವಾಯಿತು. ಮೆಲ್ಕಾರ್ತನೆಂಬ ಹೆಸರಿನಲ್ಲಿಯೇ ರಾಜವಾಚಕವಾದ 'ಮಿಲ್ಕ್', ನಗರವಾಚಕವಾದ 'ಕರ್ತ್' ಎಂಬ ಎರಡು ಶಬ್ದಗಳಿವೆ. ಮಾಲ್ಟೀಯಲ್ಲಿ ರಾಜನಿಗೆ 'ಸುಲ್ತಾನ್' ಎಂದೂ ನಗರಕ್ಕೆ 'ಬೆಲ್ತ್' ಎಂದೂ ಹೇಳುವುದುಂಟು. ಇವೆರಡೂ ಅರಬ್ಬಿಯಿಂದ ಬಂದುವು. ನಾಮಪದಕ್ಕೆ ಮೊದಲು ಬರುವ ನಿರ್ದೇಶಕವು ಫಿನೀಷಿಯನ್ನಿನಲ್ಲಿ 'ಹ'ಕಾರ, ಅರಬ್ಬಿಯಲ್ಲಿ 'ಅಲ್', ಮಾಲ್ಟೀಯಲ್ಲಿ 'ಇಲ್'. ಸೆಮಿಟಿಕ್ ಭಾಷಾಶಾಸ್ತ್ರಜ್ಞನಾದ ಜರ್ಮನಿಯ ಗೆಸೇನಿಯಸನು 1810ರಲ್ಲಿ ಮಾಲ್ಟೀಯು ಅರಬ್ಬಿಯ ಒಂದು ಪ್ರಭೇದವೆಂದು ತೋರಿಸಿದನು. ಕ್ರೈಸ್ತರಾದ ಮಾಲ್ಟೀಯರು ಇಂದಿಗೂ ದೇವರನ್ನು 'ಅಲ್ಲಾ' ಎನ್ನುವುದೂ ತಮ್ಮ ಉಪವಾಸಕಾಲವನ್ನು ರಮ್ಜಾನಿನ ಹೆಸರಿನಿಂದಾದ 'ರನ್ದಾನ್' ಎನ್ನುವುದೂ ಈ ಮತವನ್ನು ಪುಷ್ಟಿಗೊಳಿಸುತ್ತವೆ.

ಇತಿಹಾಸವೂ ಇದಕ್ಕೆ ಅನುಕೂಲವಾಗಿದೆ. ಅರಬರು ಕ್ರಿ. ಶ. 870ರಲ್ಲಿ ದ್ವೀಪವನ್ನು ಗೆದ್ದರು. ಬಳಿಕ ಅದು ಪಾಳುಬಿದ್ದು, 11ನೆಯ ಶತಮಾನದ ಮಧ್ಯಭಾಗದಲ್ಲಿ ಮುಸಲ್ಮಾನರಿಂದ ಪುನಃ ನೆಲೆಗೊಂಡಿತೆಂದು ಅರಬ್ಬೀ ಗ್ರಂಥಕಾರನಾದ ಅಲ್ ಹಿಮ್ಯರಿಯು ಹೇಳಿದ್ದಾನೆ. 1091ರಲ್ಲಿ ನಾರ್ಮನರ ರೋಜರನು ದ್ವೀಪವನ್ನು ವಶಪಡಿಸಿಕೊಂಡರೂ ಭಾಷೆಯು ಒಡನೆಯೇ ಬದಲಾಗಲಿಲ್ಲ. 83 ವರ್ಷಗಳ ತರುವಾಯ, 1174ರಲ್ಲಿ, ಮೈಮೂನಾ ಎಂಬಾಕೆಯ ಗೋರಿಯ ಮೇಲೆ ಅರಬ್ಬಿಯಲ್ಲಿಯೇ ಶಾಸನವನ್ನು ಬರೆಯಿಸಿದರು. 15ನೆಯ ಶತಮಾನದಲ್ಲಿದ್ದ ಪಿಯೆತ್ರೊ ಕಾಶಾರೊ ಎಂಬವನ 20 ಪಂಕ್ತಿಗಳ ಕವಿತೆಯೇ ಮಾಲ್ಟೀಯಲ್ಲಿ ಈವರೆಗೆ ದೊರೆತ ಅತಿ ಪ್ರಾಚೀನ ಸಾಹಿತ್ಯಕೃತಿ. ಇದು 1966ರಲ್ಲಿ ಹಳೆಯ ದಸ್ತಾವೇಜುಗಳ ಪುಸ್ತಕವೊಂದರಲ್ಲಿ ಬೆಳಕಿಗೆ ಬಂದಿತು. ಮುಂದೆ ಸಿಸಿಲಿ, ಇಟಲಿಗಳ ನುಡಿಗಳಿಂದ ಅಸಂಖ್ಯ ಶಬ್ದಗಳು ಬಂದು ಸೇರಿದರೂ ಮಾಲ್ಟೀಯು ತನ್ನ ಸೆಮಿಟಿಕ್ ಕಟ್ಟನ್ನು ಬಿಟ್ಟುಕೊಡಲಿಲ್ಲ.

ಪ್ಯೂನಿಕ್ ವಾದವು ಬಿದ್ದುಹೋದುದರಿಂದ ಮಾಲ್ಟೀಯರಿಗೆ ನಷ್ಟವೇನೂ ಆಗಲಿಲ್ಲ. ಲ್ಯಾಟಿನ್ ಲಿಪಿಯಲ್ಲಿ ಬರೆಯಲ್ಪಡುವ ಈ ಭಾಷೆಗೆ 1934ರಲ್ಲಿ ರಾಜಭಾಷೆಯ ಪದವಿಯು ದೊರೆಯಿತು. 1964ರಲ್ಲಿ ದೇಶವು ಸ್ವತಂತ್ರವಾಯಿತು. 2004ರಲ್ಲಿ ಮಾಲ್ಟೀಯು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಏಕಮಾತ್ರ ಸೆಮಿಟಿಕ್ ಭಾಷೆಯಾಗಿ ಸೇರಿತು. ಮೆಲ್ಕಾರ್ತನ ಕಂಬಗಳಲ್ಲಿ ಒಂದನ್ನು 1782ರಲ್ಲಿ ವೀರಯೋಧರ ಅಧಿಪತಿ ರೋಹಾನನು ಫ್ರಾನ್ಸಿನ ದೊರೆ 16ನೆಯ ಲೂಯಿಗೆ ಕಾಣಿಕೆಯಾಗಿ ಕೊಟ್ಟನು. ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ, ಇನ್ನೊಂದು ವಲೆಟ್ಟಾದಲ್ಲಿ ಉಳಿದಿದೆ. ಪ್ರಭುಗಳು ಕಲ್ಲನ್ನು ಪರರಿಗೆ ಒಪ್ಪಿಸಬಲ್ಲರು. ಹೊಲದಲ್ಲಿಯೂ ಮನೆಯಲ್ಲಿಯೂ ಜನರು ಬಿಡದೆ ಆಡಿಕೊಂಡು ಬಂದ ನುಡಿಯನ್ನು ಮಾತ್ರ ಯಾವ ಪ್ರಭುವೂ ದಾನಮಾಡಲಾರದೆ ಹೋದನು. ಆದುದರಿಂದ ಈ ದ್ವೀಪದ ಸೊತ್ತುಗಳಲ್ಲಿ ಅಗ್ರಸ್ಥಾನವು ಅದಕ್ಕೇ ಸಲ್ಲತಕ್ಕುದಾಗಿದೆ.