ಕಲ್ಲಿನ ನಾಡಿನಲ್ಲಿ ಮಣ್ಣಿನ ನೆಲ

ನಮ್ಮ ಮೂಡಿಗೆರೆ ಸೀಮೆಯಲ್ಲಿ ಕಲ್ಲಿಗೇನು ಬರವೇ? ಗಿಡ ನೆಡಲು ಗುಂಡಿ ತೋಡಿದರೆ ಹಾರೆಗೆ ಮೊದಲು ಸಿಕ್ಕುವುದೇ ಅದು. ಆದರೂ ನಮ್ಮ ಅಜ್ಜಿಯಂದಿರು ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೇ ಬಾಳುವೆ ಮಾಡಿದರು. ಯಾಕೆ ಅಂತ ಎಂದಾದರೂ ಯೋಚಿಸಿದ್ದೀರಾ?

ಬಡತನ ಒಂದು ಕಾರಣ, ನಿಜ. ಇನ್ನೊಂದು ಕಲ್ಲಿನ ಗುಣ. ನಮ್ಮ ಕಗ್ಗಲ್ಲಿಗೆ ಬೆಣೆ ಹೊಡೆದು ಸೀಳಿದರೆ ಮೆಟ್ಟಿಲಿಗಾದೀತು, ತಳಪಾಯಕ್ಕಾದೀತು. ಕೈಯುಳಿಯ ಕಾಲದಲ್ಲಿ ಅದನ್ನು ತೆಳು ಹಲಗೆಯಾಗಿ ಎಬ್ಬಿಸುವುದು ಸಂಸಾರಸ್ಥರ ಕೈಗೆ ಎಟಕುವ ಕೆಲಸವಲ್ಲ. ಅರಸರ ಮಾತು ಬೇರೆ. ಹೊಯ್ಸಳರ ಮೂಲಸ್ಥಾನವಾದ ಅಂಗಡಿ ನಮ್ಮ ತಾಲ್ಲೂಕಿನಲ್ಲೇ ಇದೆಯಷ್ಟೆ. ಅದೇ ವಂಶದ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ಅಲ್ಲಿಗೆ ಹೋದಾಗ ಮದನಿಕೆಯರನ್ನು ನೋಡಿ ಹಿಂದಿರುಗಬೇಡಿ, ಕಾಲ ಕೆಳಗೂ ನೋಡಿ. ಗುಡಿ ಕೂತಿರುವುದು ಜಗತಿಯೆಂಬ ಕಲ್ಲುಕಟ್ಟೆಯ ಮೇಲೆ. ಪ್ರದಕ್ಷಿಣೆಗೆಂದು ಕಟ್ಟಿದ್ದೇ ಆದರೂ, ಒಳಗಿನ ಹಾಸುಗಲ್ಲು ಹಸಿ ಮಣ್ಣಿನಿಂದ ಮೇಲೆದ್ದು ನಿಂತಿದೆ.

ಮನೆಗೆ ಹಾಸುವ ಕಲ್ಲು ಬಂದದ್ದು ದೂರದಿಂದ. ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ಸುಣ್ಣಕಲ್ಲು ಭೂಮಿಯೊಳಗೇ ಪದರ ಪದರವಾಗಿ ಮಲಗಿದೆ; ಮೀಟಿದರೆ ಹಲಗೆಯಂತೆ ಏಳುತ್ತದೆ. ಆ ಕಡೆಯವರು ಫರಸಿ ಅನ್ನುತ್ತಾರೆ. ಮುಂಬಯಿ–ಮದರಾಸು ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. ಶಹಾಬಾದು ಆ ದಾರಿಯಲ್ಲೇ ಇರುವುದರಿಂದ ಕಲ್ಲಿಗೆ ಕಾಲು ಬಂದಂತಾಯಿತು. ನಮ್ಮ ಗುಡ್ಡಕ್ಕೆ ಆ ಭಾಗ್ಯವಿಲ್ಲ. ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಮೂಡಿಗೆರೆಗೆ ಏನಿದ್ದರೂ ಲಾರಿ.

ಕಲ್ಲೇನೋ ಬಂತು. ಆದರೆ ಕಲಬುರಗಿಯಲ್ಲಿ ವರ್ಷಕ್ಕೆ ಸುಮಾರು 30 ಅಂಗುಲ ಮಳೆ. ಮಣ್ಣು ತುಂಬಿ, ಮರಳು ಹರಡಿ ಕಲ್ಲು ಕೂರಿಸಿದರೂ ನಡೆದೀತು. ನಮ್ಮಲ್ಲಿ 80-100 ಅಂಗುಲ. ನಾನೂ ಇದರಲ್ಲಿ ಬೆಪ್ಪಾದವನೇ. ಬೇಸಿಗೆಯಲ್ಲಿ ಆತುರಾತುರವಾಗಿ ನೆಲ ಹಾಸಿಸಿದೆ. ಆಷಾಢ ಹಿಡಿಯಿತು, ನೆಲ ಬೆವರತೊಡಗಿತು, ಪೇರಿಸಿಟ್ಟಿದ್ದ ಚೆರಿ ಕಾಫಿಯಲ್ಲಿ ಅಡಿಯ ಮೂಟೆಗಳೆಲ್ಲ ಬೂಷ್ಟು! ವರ್ಷದ ದುಡಿಮೆ ನೋಡಿ. “ನಿನ್ನ ಡಿಪ್ಲೊಮಕ್ಕಿಂತ ನನ್ನ ಸಗಣಿ ನೆಲವೇ ವಾಸಿಯಾಗಿತ್ತಲ್ಲೋ” ಅಂದಳು ಅವ್ವ.

ಅವಳ ಮಾತು ಅರ್ಧ ಸರಿ. ಮಣ್ಣಿನ ನೆಲ ತೇವವನ್ನು ಕುಡಿದು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಕಲ್ಲು ಹಾಗೆ ಕುಡಿಯದು; ಕೆಳಗಿನ ತೇವ ಸಂದಿನಲ್ಲಿ ಏರುತ್ತದೆ, ಮೇಲಿನ ಹಸಿಗಾಳಿ ತಣ್ಣನೆಯ ಕಲ್ಲಿಗೆ ತಾಗಿ ನೀರಾಗುತ್ತದೆ. ಉಳಿದರ್ಧ ಏನೆಂದರೆ, ಮಣ್ಣಿನ ನೆಲದಲ್ಲಿ ಕಾಫಿ ಹರಡಿದರೆ ಮಣ್ಣಿನ ವಾಸನೆ ಬೀಜಕ್ಕೆ ಹಿಡಿಯುತ್ತದೆ.

ಎಲ್ಲ ಕೀಳಿಸಿ ಮತ್ತೆ ಹಾಸಿಸಿದೆ. ಈ ಸಲ ಅಂಗಳಕ್ಕಿಂತ ಎರಡಡಿ ಎತ್ತರಕ್ಕೆ ಮಣ್ಣು ತುಂಬಿ, ನೀರು ಹೊಯ್ದು ದಮ್ಮಸು ಮಾಡಿಸಿದೆವು. ಮೇಲೆ ದಪ್ಪ ಜಲ್ಲಿ. ಜಲ್ಲಿಯ ಸಂದು ದೊಡ್ಡದಾದ್ದರಿಂದ ತೇವ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, 4 ಅಂಗುಲ ಕಾಂಕ್ರೀಟು. ಆಮೇಲೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಹರಡಿ, ಕಲ್ಲು ಕೂರಿಸಿ, ಮರದ ಕೊಡತಿಯಿಂದ ತಟ್ಟಿದೆವು. ಟೊಳ್ಳು ಸದ್ದು ಬಂದದ್ದನ್ನು ಎತ್ತಿ ಮತ್ತೆ ಕೂರಿಸಿದೆವು. ಗಾರೆಯವನು ಗೊಣಗಿದ, ಗೊಣಗಲಿ. ಏಳು ದಿನ ನೀರುಣಿಸಿ ಬಿಟ್ಟೆವು.

ಈಗ ಕೆಳಗಿನ ತೇವವಿಲ್ಲ. ಗಾಳಿಯ ತೇವ ಮಾತ್ರ ಜಡಿಮಳೆಯಲ್ಲಿ ಒಮ್ಮೊಮ್ಮೆ ಕಾಣಿಸುವುದರಿಂದ ಮೂಟೆಗಳನ್ನು ಇಂದಿಗೂ ಮರದ ಹಲಗೆ ಮೇಲೆ, ಗೋಡೆಯಿಂದ ದೂರ ಇಡುತ್ತೇನೆ. ಕಿತ್ತ ಹಳೆ ಕಲ್ಲುಗಳು ಬಚ್ಚಲ ದಾರಿಗೆ ಹೋದವು. ಅವ್ವ ತಂಬಿಗೆ ಬೆಳಗುವ ಹುಣಸೆಹಣ್ಣು ಇಟ್ಟ ಜಾಗದಲ್ಲಿ ಮಾಸಿದ ಮಚ್ಚೆ ಬಿದ್ದಿದೆ. ಸುಣ್ಣಕಲ್ಲಿಗೆ ಹುಳಿ ಆಗದು. ಸಿಮೆಂಟಿನ ಕಲೆ ತೆಗೆಯಲು ಗಾರೆಯವನು ಆಸಿಡ್ ತಂದರೆ ಬಾಗಿಲಲ್ಲೇ ತಡೆಯಿರಿ.