ಕೊರಳಿನ ಅಳತೆ, ಒಡಲಿನ ಅಳತೆ: ಕಾಡತೂಸಿನ ಚರಿತ್ರೆಯಲ್ಲೊಂದು ಪ್ರಶ್ನೆ

ಕೃಷ್ಣಾತೀರದ ಉಗಾರ ಬುದ್ರುಕದಲ್ಲಿ ಹುಟ್ಟಿ ಕಬ್ಬಿನ ಹೊಲಗಳ ನಡುವೆ ಬೆಳೆದ ನಮಗೆ ಬಂದೂಕಿನ ಪರಿಚಯವಾದುದು ಕಾಲೇಜಿನ ಎನ್.ಸಿ.ಸಿ. ದಳದಲ್ಲಿ. ಗುರಿ ಹೊಡೆಯುವ ಮೈದಾನಕ್ಕೆ ನಮ್ಮನ್ನು ಕರೆದೊಯ್ದ ದಿನ ಹಾರಿಸಿದ ಗುಂಡುಗಳಿಗಿಂತ ಹೆಚ್ಚಿನ ಕಾಲವನ್ನು ನಾವು ಕಳೆದುದು ಖಾಲಿ ಕಾಡತೂಸುಗಳನ್ನು ಆಯ್ದು ಎಣಿಸುವುದರಲ್ಲಿ. ಒಂದು ಕಡಮೆ ಬಿದ್ದಿತು. ಮೂವತ್ತು ಮಂದಿ ಹುಡುಗರು ಸಾಲಾಗಿ ಬಾಗಿ, ಹೊತ್ತು ಮುಳುಗುವವರೆಗೂ ಹುಲ್ಲನ್ನು ಸವರುತ್ತ ನಡೆದೆವು. ಸುಟ್ಟು ಬರಿದಾದ ಹಿತ್ತಾಳೆಯ ಕೊಳವೆಯೊಂದರ ಮೇಲೆ ಸರಕಾರಕ್ಕೆ ಇಷ್ಟೇಕೆ ಮೋಹ ಎಂದು ನಾವು ಗೊಣಗಿದಾಗ, ನಮಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರರು ಉತ್ತರ ಕೊಡಲಿಲ್ಲ. ಒಂದು ಆಟವನ್ನು ಮಾತ್ರ ತೋರಿಸಿದರು. ಒಂದು ರೈಫಲ್ಲಿನಿಂದ ಉದುರಿದ ಖಾಲಿ ಕೊಳವೆಯನ್ನು ಅದೇ ರೈಫಲ್ಲಿಗೆ ಹಾಕಿ ಅಗುಳಿಯನ್ನು ನೂಕಿದರು. ಅದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸರಿಯಿತು. ಅದನ್ನೇ ಪಕ್ಕದ ರೈಫಲ್ಲಿಗೆ ಹಾಕಿದರು. ಅಗುಳಿ ಅರ್ಧದಲ್ಲೇ ನಿಂತಿತು. ಎರಡು ಬಂದೂಕುಗಳೂ ಒಂದೇ ಕಾರ್ಖಾನೆಯವು, ಒಂದೇ ಮಾದರಿಯವು.

ಈ ಚಿಕ್ಕ ಆಟದಲ್ಲಿ ಅಡಗಿರುವ ಪ್ರಶ್ನೆಯೇ ಈ ಹೊತ್ತಿನ ವಿಷಯ. ಒಮ್ಮೆ ಸುಟ್ಟ ಕಾಡತೂಸನ್ನು ಮರಳಿ ತುಂಬುವಾಗ ಅದರ ಕೊರಳನ್ನು ಮಾತ್ರ ಬಿಗಿಗೊಳಿಸಬೇಕೆ, ಅಥವಾ ಇಡೀ ಒಡಲನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಬೇಕೆ? ಮೇಲುನೋಟಕ್ಕೆ ಇದು ಬೇಟೆಗಾರರ ಹರಟೆಯ ವಸ್ತು. ಆದರೆ ನೂರೈವತ್ತು ವರ್ಷಗಳಿಂದ ನಮ್ಮ ನಾಡಿನಲ್ಲಿ ಕೋವಿ ಯಾರದು ಎಂಬ ವಾದಕ್ಕೂ ಈ ಪ್ರಶ್ನೆಗೂ ಇರುವ ನಂಟು ಸಾಮಾನ್ಯವಾದುದಲ್ಲ.

ಮೊದಲು ಹಿತ್ತಾಳೆಯ ಸ್ವಭಾವವನ್ನು ಅರಿಯೋಣ. ರೈಫಲ್ಲಿನ ಕಾಡತೂಸಿನ ಆಕಾರ ಸೀಸೆಯಂತೆ: ಕೆಳಗೆ ತಳ, ಅದರ ಮೇಲೆ ಒಡಲು, ಭುಜ, ಎಲ್ಲಕ್ಕೂ ಮೇಲೆ ಗುಂಡನ್ನು ಕಚ್ಚಿ ಹಿಡಿದಿರುವ ಕಿರಿದಾದ ಕೊರಳು. ಮದ್ದು ಹೊತ್ತಿಕೊಂಡಾಗ ಒಳಗಿನ ಅನಿಲವು ಹಿತ್ತಾಳೆಯನ್ನು ಎಲ್ಲ ಕಡೆಗೂ ಉಬ್ಬಿಸಿ ಬಂದೂಕಿನ ಗೂಡಿನ ಗೋಡೆಗೆ ಒತ್ತುವುದು. ಒತ್ತಡವಿಳಿದ ಮೇಲೆ ಲೋಹವು ಕೂದಲೆಳೆಯಷ್ಟು ಹಿಂದೆ ಸರಿಯುವುದೇ ಹೊರತು ಮೊದಲಿನ ಅಳತೆಗೆ ಮರಳುವುದಿಲ್ಲ. ಹೀಗೆ ಸುಟ್ಟ ಕೊಳವೆಯು ತನ್ನನ್ನು ಸುಟ್ಟ ಗೂಡಿನ ಎರಕವಾಗಿಬಿಡುವುದು. ಕೊರಳನ್ನು ಮಾತ್ರ ಬಿಗಿಗೊಳಿಸಿ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬಿದರೆ ಅದು ಆ ಒಂದು ಬಂದೂಕಿಗೆ ಹೊಲಿಸಿದ ಅಂಗಿಯಂತೆ ಕೂರುವುದು; ಬೇರೆ ಬಂದೂಕಿಗೆ ಹೊಂದುವ ಭರವಸೆಯಿಲ್ಲ. ಒಡಲನ್ನೂ ಒತ್ತಿ ಭುಜವನ್ನು ಹಿಂದಕ್ಕೆ ನೂಕಿದರೆ ಆ ಮಾದರಿಯ ಎಲ್ಲ ಬಂದೂಕುಗಳಿಗೂ ಸಲ್ಲುವುದು. ಆದರೆ ಮುಂದಿನ ಸಲ ಸುಟ್ಟಾಗ ಹಿತ್ತಾಳೆ ಮತ್ತೆ ಹಿಗ್ಗಬೇಕು, ಮತ್ತೆ ಕುಗ್ಗಬೇಕು. ಪದೇ ಪದೇ ಬಾಗಿಸಿದ ಲೋಹ ಗಡುಸಾಗಿ ಒಡೆಯುವುದೆಂಬುದನ್ನು ನಮ್ಮ ಕಡೆಯ ಬೋಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡ ಬಡಿಯುವಾಗ ನಡುನಡುವೆ ಅದನ್ನು ಬೆಂಕಿಗೆ ಹಿಡಿದು ಮೆದುಮಾಡಿಕೊಳ್ಳುವುದು ಅವರ ಕುಲವಿದ್ಯೆ. ಕಾಡತೂಸು ತುಂಬುವವರೂ ಕೊರಳನ್ನು ಹೀಗೆಯೇ ಕಾಯಿಸಿ ಮೆದುಮಾಡುವರು. ತಳವನ್ನು ಮಾತ್ರ ಕಾಯಿಸಲಾಗದು, ಅಲ್ಲಿ ಗಡುಸುತನವೇ ಪ್ರಾಣರಕ್ಷೆ.

ಇನ್ನು ಚರಿತ್ರೆಗೆ ಬರೋಣ. ಹಿತ್ತಾಳೆಯ ಕಾಡತೂಸು ಬರುವ ಮುನ್ನ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಪ್ರತಿಯೊಂದು ಕೋವಿಯೂ ತನಗೆ ತಾನೇ ಅಳತೆ. ಊರ ಕಮ್ಮಾರನು ಮಾಡಿದ ನಳಿಗೆಗೆ ತಕ್ಕ ಗುಂಡಿನ ಅಚ್ಚು ಕೋವಿಯ ಜೊತೆಯಲ್ಲೇ ಇರುತ್ತಿತ್ತು. ಸೀಸ ಕರಗಿಸಿ ಹೊಯ್ದುಕೊಂಡರಾಯಿತು. ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಸರಕಾರದ ಹಂಗಿಲ್ಲ. ಆದುದರಿಂದಲೇ ೧೮೫೭ರಲ್ಲಿ ಕುಂಪಣಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿದಾಗ ಆಯುಧವನ್ನೇ ಕಿತ್ತುಕೊಳ್ಳಬೇಕಾಯಿತು. ನಮ್ಮ ಊರಿಗೆ ಬಹು ದೂರವಲ್ಲದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೆವೆಂದರು. ಅದೇ ವರ್ಷದ ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರ ಪೈಕಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಫ್ಲೀಟ್ ಸಾಹೇಬರು ೧೮೮೫ರಲ್ಲಿ ಅಚ್ಚುಮಾಡಿಸಿದರು.

ಹಲಗಲಿಯಲ್ಲಿ ಬೆಂಕಿಯಿಂದ ಆದ ಕೆಲಸ ಮುಂದಿನ ಹತ್ತು ವರ್ಷಗಳಲ್ಲಿ ಹಿತ್ತಾಳೆಯಿಂದ ಸದ್ದಿಲ್ಲದೆ ಆಯಿತೆಂಬುದು ನಮ್ಮ ಅಭಿಪ್ರಾಯ. ೧೮೬೬ರಲ್ಲಿ ಬ್ರಿಟಿಷ್ ಸೈನ್ಯವು ಸ್ನೈಡರ್ ಬಂದೂಕನ್ನು ಸ್ವೀಕರಿಸಿತು. ಅದಕ್ಕೆ ಬಾಕ್ಸರ್ ಎಂಬ ಅಧಿಕಾರಿಯು ಹಿತ್ತಾಳೆಯ ತಗಡು ಸುತ್ತಿದ ಕಾಡತೂಸನ್ನು ರಚಿಸಿದನು. ೧೮೬೯ರಲ್ಲಿ ಪುಣೆಯ ಬಳಿಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಎದ್ದಿತು. ಇಂಥ ಕಾಡತೂಸನ್ನು ಯಾವ ಹಳ್ಳಿಯ ಕಮ್ಮಾರನೂ ಮಾಡಲಾರ. ಕೋವಿ ಕೈಯಲ್ಲಿದ್ದರೂ ಅದರ ಉಸಿರು ಕಾರ್ಖಾನೆಯಲ್ಲಿ ಉಳಿಯಿತು. ೧೮೫೭ರ ಪಾಠವನ್ನು ಮರೆಯದ ಸರಕಾರವು ಗೋರಾ ಪಲ್ಟನ್ನುಗಳಿಗೆ ಹೊಸ ಮಾರ್ಟಿನಿ-ಹೆನ್ರಿ ಬಂದೂಕುಗಳನ್ನು ಕೊಟ್ಟಾಗ ದೇಶೀ ಸಿಪಾಯಿಗಳ ಕೈಯಲ್ಲಿ ಸ್ನೈಡರನ್ನೇ ಉಳಿಸಿತು; ಗೋರರಿಗೆ ·೩೦೩ ಬಂದಾಗ ಸಿಪಾಯಿಗೆ ಮಾರ್ಟಿನಿ. ಯಾವಾಗಲೂ ಒಂದು ಮೆಟ್ಟಿಲು ಹಿಂದೆ.

ಸೈನ್ಯದ ನ್ಯಾಯವೇ ಬೇರೆ. ಅಲ್ಲಿ ಒಬ್ಬ ಸಿಪಾಯಿಯ ಕಾಡತೂಸು ಇನ್ನೊಬ್ಬನ ಬಂದೂಕಿಗೆ ಸಲ್ಲಲೇಬೇಕು. ಇಲ್ಲವಾದರೆ ಸೈನ್ಯವೇ ಇಲ್ಲ. ಈ ಸತ್ಯವು ರಕ್ತದಲ್ಲಿ ಬರೆಯಲ್ಪಟ್ಟುದು ಮೊದಲನೆಯ ಮಹಾಯುದ್ಧದಲ್ಲಿ. ಕೆನಡಾ ದೇಶದ ಸೈನಿಕರು ತಮ್ಮದೇ ಆದ ರಾಸ್ ಎಂಬ ರೈಫಲ್ಲನ್ನು ಹಿಡಿದು ಫ್ರಾನ್ಸಿಗೆ ಬಂದಿದ್ದರು. ಅದರ ಗೂಡು ಬಿಗಿ, ಗುರಿ ಅತ್ಯಂತ ನಿಖರ. ಯುದ್ಧದ ಅವಸರದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ಹೊರಡಿಸಿದ ·೩೦೩ ಕಾಡತೂಸುಗಳಲ್ಲಿ ಅಳತೆ ಮೀರಿದವು ಬಹಳ. ೧೯೧೫ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ, ವಿಷವಾಯುವಿನ ನಡುವೆ, ಆ ಬಿಗಿಯಾದ ಗೂಡುಗಳಲ್ಲಿ ಕಾಡತೂಸುಗಳು ಕಚ್ಚಿಕೊಂಡು ಅಗುಳಿಗಳು ಬಿಚ್ಚದಾದವು. ಸೈನಿಕರು ಅಗುಳಿಯನ್ನು ಬೂಟುಗಾಲಿನಿಂದ ಒದೆದು ತೆರೆಯಬೇಕಾಯಿತಂತೆ. ಪಕ್ಕದಲ್ಲೇ ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ಲುಗಳು ಅದೇ ಕಾಡತೂಸನ್ನು ನುಂಗಿ ನುಂಗಿ ಉಗುಳುತ್ತಿದ್ದವು, ಏಕೆಂದರೆ ಅವುಗಳ ಗೂಡು ಸಡಿಲ. ೧೯೧೬ರ ಹೊತ್ತಿಗೆ ಕೆನಡಾದವರ ಕೈಗೂ ಲೀ-ಎನ್‌ಫೀಲ್ಡೇ ಬಂದಿತು. ರಾಸ್ ರೈಫಲ್ಲು ಮರೆಯಲ್ಲಿ ಕುಳಿತು ಗುರಿಯಿಡುವ ಕೆಲವರ ಕೈಯಲ್ಲಿ ಮಾತ್ರ ಉಳಿಯಿತು. ತಾನೇ ಆರಿಸಿದ ಕಾಡತೂಸುಗಳನ್ನು ಒಂದೊಂದಾಗಿ ಹಾರಿಸುವವನಿಗೆ ಬಿಗಿಯೇ ಗುಣ, ಕೆಸರಿನಲ್ಲಿ ನಿಂತು ಬೇಗ ಬೇಗ ಹಾರಿಸುವವನಿಗೆ ಅದೇ ಮೃತ್ಯು.

ಲೀ-ಎನ್‌ಫೀಲ್ಡಿನ ಈ ಸಡಿಲವೇ ಮುಂದೆ ಕೊರಳು-ಒಡಲುಗಳ ವಾದಕ್ಕೆ ತವರಾಯಿತು. ನಮ್ಮ ಪೊಲೀಸರೂ ಎನ್.ಸಿ.ಸಿ.ಯವರೂ ತ್ರೀ ನಾಟ್ ತ್ರೀ ಎಂದು ಕರೆದ ಬಂದೂಕಿನ ಮನೆತನ ಇದೇ. ಇದರ ಕಾಡತೂಸಿಗೆ ತಳದಲ್ಲಿ ಸುತ್ತಲೂ ಚಾಚಿದ ಅಂಚೊಂದಿದೆ. ಕಾಡತೂಸು ಗೂಡಿನಲ್ಲಿ ನಿಲ್ಲುವುದು ಆ ಅಂಚಿನ ಆಧಾರದಿಂದ, ಭುಜದ ಆಧಾರದಿಂದಲ್ಲ. ಆದ್ದರಿಂದ ಭುಜದ ಮುಂದೆ ಧಾರಾಳವಾಗಿ ತೆರಪು ಬಿಡಲು ಸೈನ್ಯದವರಿಗೆ ಅಡ್ಡಿಯಿರಲಿಲ್ಲ. ಮೊದಲ ಸಲ ಸುಟ್ಟಾಗ ಭುಜವು ಆ ತೆರಪಿಗೆ ಹಾರಿ ಕೂರುವುದು. ಸಾಲದುದಕ್ಕೆ ಈ ರೈಫಲ್ಲಿನ ಅಗುಳಿಯ ಕಚ್ಚುಗಳು ಹಿಂಭಾಗದಲ್ಲಿರುವುದರಿಂದ ಒತ್ತಡಕ್ಕೆ ಅಗುಳಿ ಸ್ವಲ್ಪ ಮಣಿಯುವುದೂ ಉಂಟು. ಈಗ ಆ ಕೊಳವೆಯ ಒಡಲನ್ನು ಪೂರ್ತಿ ಒತ್ತಿ ಭುಜವನ್ನು ಹಿಂದಿನ ಸ್ಥಾನಕ್ಕೆ ನೂಕಿದರೆ ಮುಂದಿನ ಹೊಡೆತದಲ್ಲಿ ಅದು ಮತ್ತೆ ಮುಂದಕ್ಕೆ ಹಾರಬೇಕು. ಹಾರುವುದಕ್ಕೆ ಬೇಕಾದ ಲೋಹ ಎಲ್ಲಿಂದ ಬರಬೇಕು? ತಳದ ಮೇಲ್ಗಡೆಯ ಗೋಡೆಯಿಂದ. ಅಲ್ಲಿ ಗೋಡೆ ತೆಳುವಾಗುತ್ತ ಬಂದು, ಹೊರಗೆ ಹೊಳೆಯುವ ಒಂದು ಉಂಗುರದ ಗೆರೆ ಕಾಣಿಸಿಕೊಂಡು, ಕೆಲವೇ ಆವೃತ್ತಿಗಳಲ್ಲಿ ಕೊಳವೆ ಎರಡು ತುಂಡಾಗುವುದು. ತಳ ಮಾತ್ರ ಹೊರಬಂದು ಉಳಿದ ತುಂಡು ಗೂಡಿನಲ್ಲೇ ಸಿಕ್ಕಿಕೊಂಡರೆ ಬಂದೂಕು ದೊಣ್ಣೆಗೆ ಸಮಾನ. ಬಿಸಿಯ ಅನಿಲ ಹಿಂದಕ್ಕೆ ನುಗ್ಗಿದರೆ ಹೊಡೆದವನ ಕಣ್ಣಿಗೇ ಅಪಾಯ. ಅನುಭವಿಗಳು ಬಾಗಿಸಿದ ಸಣ್ಣ ತಂತಿಯನ್ನು ಕೊಳವೆಯೊಳಗೆ ಇಳಿಸಿ ಗೋಡೆಯನ್ನು ಕೆರೆದು ಆ ಹಳ್ಳವನ್ನು ಪತ್ತೆಮಾಡುವರು. ಹಲವು ದೇಶಗಳಲ್ಲಿ ·೩೦೩ನ್ನು ಮರಳಿ ತುಂಬುವವರು ಕೊರಳನ್ನು ಮಾತ್ರ ಬಿಗಿಗೊಳಿಸುವ ಪಕ್ಷವನ್ನು ಹಿಡಿದಿರುವುದು ಇದರಿಂದಲೇ.

ಆದರೆ ಇದು ಸರ್ವತ್ರ ಸಲ್ಲುವ ವಿಧಿಯಲ್ಲ. ಕೊರಳನ್ನು ಮಾತ್ರ ಬಿಗಿಗೊಳಿಸುತ್ತ ಹೋದರೆ ಒಡಲು ಸುತ್ತಳತೆಯಲ್ಲಿ ತುಸು ತುಸುವೇ ಬೆಳೆದು, ಕೊನೆಗೆ ತನ್ನ ಗೂಡಿಗೇ ಬಿಗಿಯಾಗುವುದು. ಹುಲಿಯೆದುರು ನಿಂತವನಿಗೆ ಎರಡನೆಯ ಗುಂಡಿನ ಹೊತ್ತಿನಲ್ಲಿ ಅಗುಳಿ ತಡೆದರೆ ಹಿತ್ತಾಳೆಯ ಉಳಿತಾಯದಿಂದ ಏನು ಪ್ರಯೋಜನ? ೧೯೭೨ರ ವನ್ಯಜೀವಿ ಕಾಯಿದೆಗೆ ಮುಂಚಿನ ದಿನಗಳಲ್ಲಿ ನಾವಿದ್ದಿದ್ದರೆ, ಗುರಿ ಹೊಡೆಯುವ ಪಂದ್ಯಕ್ಕೆ ಕೊರಳಿನ ಪಕ್ಷವನ್ನೂ ಕಾಡಿಗೆ ಒಡಲಿನ ಪಕ್ಷವನ್ನೂ, ಅದರಲ್ಲೂ ಹೊಚ್ಚ ಹೊಸ ಕಾಡತೂಸನ್ನೇ, ಹಿಡಿಯುತ್ತಿದ್ದೆವು. ಭುಜವನ್ನು ಬೇಕಾದಷ್ಟೇ, ಕೂದಲೆಳೆಯಷ್ಟು ಮಾತ್ರ, ಹಿಂದಕ್ಕೆ ನೂಕಿ ಒಡಲನ್ನು ಒತ್ತುವ ನಡುಮಾರ್ಗವೊಂದಿದೆ. ಇತ್ತೀಚಿನ ಪಂದ್ಯಗಾರರಲ್ಲಿ ಅನೇಕರು ಅದನ್ನೇ ಮೆಚ್ಚುವರು.

ಇಲ್ಲೊಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆವು. ಮರಳಿ ತುಂಬಲು ಅನುಕೂಲವಾದ ಕೇಪು ಆಂಗ್ಲನಾದ ಬಾಕ್ಸರನ ಹೆಸರಿನದು. ಅದು ನೆಲೆಯೂರಿದ್ದು ಅಮೆರಿಕದಲ್ಲಿ. ಅಮೆರಿಕದ ಬರ್ಡನ್ ಎಂಬಾತನ ಕೇಪನ್ನು ಬ್ರಿಟಿಷರು ತಮ್ಮ ·೩೦೩ಕ್ಕೆ ಇಟ್ಟುಕೊಂಡರು. ಬರ್ಡನನ ಕೇಪನ್ನು ಒಳಗಿನಿಂದ ಸೂಜಿಯಿಂದ ತಳ್ಳಿ ತೆಗೆಯಲಾಗದು. ಅಷ್ಟೇ ಅಲ್ಲ, ಬ್ರಿಟಿಷ್ ಪದ್ಧತಿಯಲ್ಲಿ ಕಾರ್ಡೈಟ್ ಮದ್ದಿನ ಕಡ್ಡಿಗಳ ಕಟ್ಟನ್ನು ಕೊಳವೆಯೊಳಗೆ ಇಟ್ಟ ಮೇಲೆಯೇ ಕೊರಳನ್ನು ಕಿರಿದುಮಾಡುತ್ತಿದ್ದರು. ಮನೆಯಲ್ಲಿ ಕುಳಿತು ಇದನ್ನು ಅನುಕರಿಸುವುದು ಹೇಗೆ?

ಅನುಕರಿಸಿದವರೂ ಇದ್ದರು. ವಾಯವ್ಯ ಗಡಿಯ ಪಠಾಣರು ಹಾರಿಸಿ ಬಿಟ್ಟ ಮಾರ್ಟಿನಿಯ ಕೊಳವೆಗಳನ್ನು ಆಯ್ದು ಮರಳಿ ತುಂಬುವುದರಲ್ಲಿ ನಿಪುಣರೆನಿಸಿದರು. ಮೈದಾನದಲ್ಲಿ ನಾವು ಹುಲ್ಲು ಸವರಿದುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಮೊದಲಾಗುವುದು. ೧೯೦೭ರ ಸುಮಾರಿಗೆ ಸರಕಾರವು ಮಾರ್ಟಿನಿಯ ಅಳತೆಯಾದ ·೪೫೦ರ ಬಂದೂಕು ಗುಂಡುಗಳನ್ನು ಹಿಂದೂಸ್ಥಾನಕ್ಕೆ ತರಕೂಡದೆಂದು ಕಟ್ಟು ಮಾಡಿತು; ಬೇಟೆಯ ಗುಂಡು ಬಂಡಾಯದ ಬಂದೂಕಿಗೆ ಹೋದೀತೆಂಬ ಭಯ. ಇಂಗ್ಲೆಂಡಿನ ಬಂದೂಕುಗಾರರು ಕೂಡಲೇ ·೪೬೫, ·೪೭೦, ·೪೭೬ ಎಂದು ಹೊಸ ಅಳತೆಗಳನ್ನು ಹುಟ್ಟಿಸಿದರು. ಆನೆ-ಹುಲಿಗಳ ಬೇಟೆಯ ಆ ಪ್ರಸಿದ್ಧ ಬಂದೂಕುಗಳೆಲ್ಲ ಒಂದು ಪೊಲೀಸು ಭಯದ ಮಕ್ಕಳು! ·೩೦೩ ಕೂಡ ಪ್ರಜೆಗಳಿಗೆ ನಿಷಿದ್ಧವಾಯಿತು. ಸ್ವಾತಂತ್ರ್ಯಾನಂತರ ಇಛಾಪುರದ ಕಾರ್ಖಾನೆ ಪ್ರಜೆಗಳಿಗಾಗಿ ಮಾಡಿದ ರೈಫಲ್ಲಿಗೂ ಅದೇ ಕಾರಣದಿಂದ ಸೈನ್ಯದ ಅಳತೆ ಬಾರದೆ, ಆಸ್ಟ್ರಿಯಾದ ಹಳೆಯ ಮಾನ್ಲಿಖರ್ ಕಾಡತೂಸಿನ ·೩೧೫ ಅಳತೆ ಬಂದಿತು.

ಎಲ್ಲಕ್ಕಿಂತ ವಿಚಿತ್ರವಾದುದು ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಇಛಾಪುರದಲ್ಲಿ ಮಾಡಿಕೊಟ್ಟ ·೪೧೦ ಮಸ್ಕೆಟ್ಟು. ನೋಡಲು ಅದೇ ಲೀ-ಎನ್‌ಫೀಲ್ಡ್; ಆದರೆ ನಳಿಗೆಯೊಳಗೆ ತಿರುಪು ಗೀರುಗಳಿಲ್ಲ, ಒಂದು ಸಲಕ್ಕೆ ಒಂದೇ ಗುಂಡು. ಅದರ ಕಾಡತೂಸೆಂದರೆ ·೩೦೩ರ ಕೊಳವೆಯೇ, ಕೊರಳನ್ನು ಕಿರಿದುಮಾಡದೆ ನೆಟ್ಟಗೆ ಬಿಟ್ಟುದು. ಬಂದೂಕು ದಂಗೆಕೋರರ ಕೈಗೆ ಸಿಕ್ಕರೂ ಸೈನ್ಯದ ಗುಂಡು ಅದಕ್ಕೆ ಉಪಯೋಗಕ್ಕೆ ಬಾರದು. ಕೊರಳಿನ ಅಳತೆಯೋ ಒಡಲಿನ ಅಳತೆಯೋ ಎಂಬ ವಾದವನ್ನು ಸರಕಾರವು ಕೊರಳನ್ನೇ ಇಲ್ಲವಾಗಿಸಿ ತೀರಿಸಿತು.

ಇವೆಲ್ಲದರಿಂದ ಹೊರಗುಳಿದ ನಾಡೊಂದು ಕನ್ನಡಿಗರ ನೆರೆಯಲ್ಲೇ ಇದೆ. ೧೮೬೧ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡಗಿನವರಿಗೆ ನಿಶ್ಶಸ್ತ್ರೀಕರಣದ ಕಾಯಿದೆ ಅನ್ವಯಿಸದೆಂದು ಪ್ರಕಟಿಸಿದರು. ಹಲಗಲಿಯ ಬೂದಿ ಆರಿ ಮೂರೇ ವರ್ಷವಾಗಿತ್ತು. ೧೮೭೮ರ ಮತ್ತು ೧೯೫೯ರ ಆಯುಧ ಕಾಯಿದೆಗಳು ಬಂದಮೇಲೂ ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಉಳಿದು, ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಯಿತು. ಕೈಲ್ ಮುಹೂರ್ತದಂದು ಅಲ್ಲಿ ಹೂವು ಮುಡಿಸಿ ಪೂಜಿಸುವ ಕೋವಿಗಳಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯೂ ಇರುವುದುಂಟು. ಅದಕ್ಕೆ ಕೊರಳೂ ಇಲ್ಲ, ಒಡಲೂ ಇಲ್ಲ. ಒಬ್ಬೊಬ್ಬನ ಕೋವಿಗೆ ಅವನವನದೇ ಅಳತೆ.

ನಮ್ಮ ಕಡೆಯಲ್ಲಾದರೋ ಮದ್ದುಗುಂಡು ತಯಾರಿಸುವುದು ಪರವಾನಗಿಯಿಲ್ಲದೆ ಕೂಡದ ಕೆಲಸ. ಆ ಸಂಜೆ ಕಳೆದುಹೋಗಿದ್ದ ಕೊಳವೆ ಕೊನೆಗೆ ಸಿಕ್ಕಿತು. ಒಬ್ಬ ಹುಡುಗನ ಬೂಟಿನಡಿಯಲ್ಲಿ ಸಿಕ್ಕಿ, ಬಾಯಿ ಚಪ್ಪಟೆಯಾಗಿ, ಯಾವ ಬಂದೂಕಿಗೂ ಸಲ್ಲದಂತಾಗಿತ್ತು. ಹವಾಲ್ದಾರರು ಅದನ್ನು ಒರಸಿ, ಎಣಿಕೆಗೆ ಸೇರಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡರು.