ಮಿಡಿತ

ತಂತಿಯನ್ನು ಬೆರಳಿನಿಂದ ಮಿಡಿಯುತ್ತಾರೆ, ದುಃಖಕ್ಕೆ ಕಂಬನಿ ಮಿಡಿಯುತ್ತಾರೆ, ನಾಡಿ ತಾನಾಗಿ ಮಿಡಿಯುತ್ತದೆ. ಅಚ್ಚಗನ್ನಡದ ‘ಮಿಡಿ’ಗೆ ಚಿಮ್ಮು, ನೆಗೆ ಎಂಬ ಅರ್ಥಗಳೂ ಉಂಟು, ನೆಗೆಯುವ ಮಿಡತೆ ಇದೇ ಬಳಗದ್ದು. ಕುಣಿತ, ತುಡಿತಗಳ ಹಾಗೆ ‘ತ’ ಸೇರಿ ಮಿಡಿತವಾಯಿತು. ಉಪ್ಪಿನಕಾಯಿಯ ಮಾವಿನ ಮಿಡಿ ಬೇರೆ.

ಈಗ ಈ ಪದಕ್ಕೆ ಹೊಸ ಕೆಲಸ: ಹೃದಯ ಮಿಡಿತದ ಏರಿಳಿತ.

ಆರೋಗ್ಯವಂತ ಹೃದಯ ಗಡಿಯಾರದಂತೆ ಬಡಿಯುವುದಿಲ್ಲ. ಇಸಿಜಿಯಲ್ಲಿ ಒಂದೊಂದು ಬಡಿತಕ್ಕೂ ಏಳುವ ‘ಆರ್’ ಶಿಖರಗಳಲ್ಲಿ ಅಕ್ಕಪಕ್ಕದ ಎರಡರ ನಡುವೆ ಒಮ್ಮೆ 820 ಮಿಲಿಸೆಕೆಂಡ್, ಮುಂದಿನ ಸಲ 870 ಇರಬಹುದು. ಈ ಅಂತರಗಳ ಸಾಲನ್ನು ಫೂರಿಯೆ ವಿಧಾನದಿಂದ ಆವರ್ತನಗಳಾಗಿ ಬಿಡಿಸಿದರೆ, ಸಾಮಾನ್ಯ ಉಸಿರಾಟದ ಛಾಪು 0.15ರಿಂದ 0.4 ಹರ್ಟ್ಸ್ ಪಟ್ಟಿಯಲ್ಲಿ ಕಾಣುತ್ತದೆ. ನಿಮಿಷದ ಎಣಿಕೆಗೆ ‘ಬಡಿತ’ ಸಾಕು. ಒಂದೊಂದು ನೆಗೆತದ ವ್ಯತ್ಯಾಸ ಹೇಳಲು ‘ಮಿಡಿತ’ವೇ ಸರಿಯಾದ ಪದ.